ಬಿ ಖಾತಾ ಚರ್ಮ

ಬೆಂಗಳೂರಿನ ಸುದ್ದಗುಂಟೆಪಾಳ್ಯದಲ್ಲಿ ಮನುಷ್ಯನನ್ನು ದಪ್ಪ ಮಾಡುವವರೂ ಸಣ್ಣ ಮಾಡುವವರೂ ಒಂದೇ ಕಟ್ಟಡದಲ್ಲಿ ಬಾಡಿಗೆಗಿರುತ್ತಾರೆ. ಕೆಳಗೆ ಮೊಮೊ, ಶವರ್ಮಾ, ಕೇರಳ ಪರೋಟ. ನಡುವೆ ಪಿಜಿ. ತುತ್ತತುದಿಯಲ್ಲಿ ಜಿಮ್. ತಾವರೆಕೆರೆ ಮುಖ್ಯರಸ್ತೆಯಿಂದ ಕ್ರೈಸ್ಟ್ ವಿಶ್ವವಿದ್ಯಾಲಯದ ಕಡೆಗೆ ಏನನ್ನೂ ತಿನ್ನದೆ ನಡೆದು ಹೋಗುವುದೇ ಒಂದು ಸಾಹಸ. ತಿಂದು ಪಶ್ಚಾತ್ತಾಪವಾಗಿ ತಲೆಯೆತ್ತಿದರೆ ಕರೆಂಟ್ ಕಂಬದಲ್ಲಿ ‘ತೂಕ ಇಳಿಸಬೇಕೆ? ಕರೆ ಮಾಡಿ’ ಎಂಬ ಚೀಟಿ ಕಾಯುತ್ತಿರುತ್ತದೆ. ಕಟ್ಟಡದ ಮಾಲೀಕರಿಗೆ ಎರಡು ಕಡೆಯಿಂದಲೂ ಬಾಡಿಗೆ ಬರುವುದರಿಂದ ಜನರ ಹೊಟ್ಟೆಯ ವಿಷಯದಲ್ಲಿ ಅವರದು ಕಟ್ಟುನಿಟ್ಟಾದ ಅಲಿಪ್ತ ನೀತಿ.

ಅಂಥ ಮಾಲೀಕರೊಬ್ಬರನ್ನೇ ಉದಾಹರಣೆಗೆ ಇಟ್ಟುಕೊಳ್ಳೋಣ. ಹೆಸರು ಬೇಡ, ಪಿಜಿ ಅಂಕಲ್ ಅನ್ನಿ. ಪಾಳ್ಯದ ಪ್ರತಿ ಕ್ರಾಸಿನಲ್ಲೂ ಇಂಥವರೊಬ್ಬರು ಸಿಗುತ್ತಾರೆ. ಎತ್ತರ ಐದಡಿ ಏಳಿಂಚು, ತೂಕ 118 ಕಿಲೊ. ಇಪ್ಪತ್ತು ವರ್ಷ ಆ ತೂಕವನ್ನು ಹೊತ್ತವರು, ಡಾಕ್ಟರು ಹೆದರಿಸಿದ ಮೇಲೆ ತಮ್ಮದೇ ಕಟ್ಟಡದ ಮೇಲಿನ ಮಹಡಿಗೆ ಬಾಡಿಗೆ ವಸೂಲಿಗಲ್ಲದೆ ಹತ್ತತೊಡಗಿದರು. ಅನ್ನಕ್ಕೆ ಲೆಕ್ಕ ಇಟ್ಟರು, ರಾತ್ರಿ ಸೌತೆಕಾಯಿ ಕಡಿದರು, ಹೋಳಿಗೆ ಬಡಿಸಲು ಬಂದವರಿಗೆ ಎಲೆಯ ಮೇಲೆ ಕೈ ಅಡ್ಡ ಹಿಡಿದರು. ಎರಡು ವರ್ಷದಲ್ಲಿ 70 ಕಿಲೊಗೆ ಇಳಿದರು. ಹೋದದ್ದು 48 ಕಿಲೊ. ಅಂದರೆ ಅವರ ಪಿಜಿಯಲ್ಲೇ ಒಂದು ಮಂಚ ಕೊಟ್ಟು ಅಡ್ವಾನ್ಸ್ ಇಸಿದುಕೊಳ್ಳಬಹುದಾದಂಥ ಒಬ್ಬ ಪೂರ್ತಿ ಮನುಷ್ಯ.

ಆ ಮನುಷ್ಯ ಖಾಲಿ ಮಾಡಿಕೊಂಡು ಹೋದ. ಅವನಿದ್ದ ಜಾಗ ಮಾತ್ರ ಹಾಗೇ ಉಳಿಯಿತು. ಹೊಟ್ಟೆಯ ಕೆಳಗೆ ಮಡಿಕೆ ಬಿದ್ದು, ತೋಳಿನಡಿ ಜೋತು, ತೊಡೆಯ ಒಳಬದಿಯಲ್ಲಿ ಸುಕ್ಕುಗಟ್ಟಿ ಇಳಿಬಿದ್ದ ಚರ್ಮ. ಜಿಮ್ಮಿನ ಗೋಡೆಯ ‘ಮೊದಲು’ ಫೋಟೊದಲ್ಲಿ ಅಂಕಲ್ ಬನಿಯನ್ನಿನಲ್ಲಿದ್ದಾರೆ, ‘ಆಮೇಲೆ’ ಫೋಟೊದಲ್ಲಿ ತುಂಬುತೋಳಿನ ಶರ್ಟು. ಇಂಥ ಜೋಡಿ ಫೋಟೊಗಳನ್ನು ಗಮನಿಸಿ ನೋಡಿ. ತೂಕ ಇಳಿದವರಿಗೆಲ್ಲ ಇದ್ದಕ್ಕಿದ್ದಂತೆ ಮರ್ಯಾದೆಯೂ ಬಟ್ಟೆಯೂ ಹೆಚ್ಚಾಗಿರುತ್ತದೆ.

ಬಿ ಖಾತಾ ಎಂದರೇನೆಂದು ಬೆಂಗಳೂರಿನವರಿಗೆ ಹೇಳಬೇಕಿಲ್ಲ. ಬೇರೆ ಊರಿನ ಪುಣ್ಯವಂತರಿಗಾಗಿ ಒಂದು ಮಾತು: ಆಸ್ತಿ ಇದೆ, ನಿಮ್ಮದೇ, ಪಾಲಿಕೆ ವರ್ಷವರ್ಷವೂ ತೆರಿಗೆ ಕಟ್ಟಿಸಿಕೊಳ್ಳುತ್ತದೆ. ಆದರೆ ಪ್ಲಾನ್ ಮಂಜೂರಾತಿ, ಬ್ಯಾಂಕ್ ಸಾಲ ಅಂತ ಬಾಯಿಬಿಟ್ಟರೆ ‘ಇದು ಲೆಕ್ಕಕ್ಕೆ ಬರಲ್ಲ ಸಾರ್’ ಅನ್ನುತ್ತಾರೆ. ಅಂಕಲ್ಲಿನ ಮೈಮೇಲೆ ಉಳಿದಿರುವುದು ಶುದ್ಧ ಬಿ ಖಾತಾ ಚರ್ಮ. ಬೆವರುವುದಕ್ಕೆ, ತುರಿಸುವುದಕ್ಕೆ, ಹುಣ್ಣಾಗುವುದಕ್ಕೆ ಅದು ಅಪ್ಪಟ ಅವರದೇ. ಚಿಕಿತ್ಸೆ ಕೇಳಿದರೆ ಮಾತ್ರ ದಾಖಲೆಯಲ್ಲಿಲ್ಲ.

ಮೊದಲು ನೆಂಟರ ಇಲಾಖೆಗೆ ಬರೋಣ. ದಪ್ಪಗಿದ್ದಾಗ ಕಲ್ಯಾಣ ಮಂಟಪದಲ್ಲಿ ಸಿಕ್ಕ ಚಿಕ್ಕತ್ತೆ, ‘ಸ್ವಲ್ಪ ಇಳಿಸ್ಕೊಳ್ಳಪ್ಪ, ಹಾರ್ಟಿಗೆ ಒಳ್ಳೇದಲ್ಲ’ ಎಂದು ಎರಡನೇ ಹೋಳಿಗೆಗೆ ತುಪ್ಪ ಹಾಕಿಸಿದ್ದರು. ಇಳಿದ ಮೇಲೆ ಅವರದೇ ಪ್ರಶ್ನೆ: ‘ಏನಪ್ಪಾ ಇದು, ಶುಗರ್ರಾ? ಮುಖದಲ್ಲಿ ಕಳೇನೇ ಇಲ್ವಲ್ಲ.’ ನಮ್ಮ ಸಮಾಜದಲ್ಲಿ ಸಣ್ಣಗಾಗಲು ಎರಡೇ ಕಾರಣಕ್ಕೆ ಮಾನ್ಯತೆ, ಸಕ್ಕರೆ ಕಾಯಿಲೆ ಇಲ್ಲವೇ ಸಾಲ. ಹೆಂಗಸರ ಪಾಡು ಇನ್ನೂ ಚೆನ್ನ. ಐವತ್ತು ಕಿಲೊ ಇಳಿಸಿದ ಹೆಣ್ಣುಮಗಳ ಸೀರೆಯ ನೆರಿಗೆಯ ಮೇಲೆ ಕಣ್ಣಿಟ್ಟು ‘ಏನಾದ್ರೂ ವಿಶೇಷಾನಾ?’ ಎಂದು ಕೇಳುವ ಪರಿಣತರಿದ್ದಾರೆ. ಅಲ್ಲಿರುವುದು ಮಗುವಲ್ಲ, ಕೊಬ್ಬೂ ಅಲ್ಲ, ಬರೀ ಚರ್ಮ ಅಂತ ಊಟದ ಪಂಕ್ತಿಯಲ್ಲಿ ನಿಂತು ಯಾರಿಗೆ ತಿಳಿಸಿ ಹೇಳುವುದು? ತೋಳಿನ ಉದ್ದ ಎಷ್ಟಿರಲಿ ಎಂದು ಬ್ಲೌಸ್ ಹೊಲಿಯುವವರು ಕೇಳಿದಾಗ ಅವಳು ಮೊಣಕೈಯಿಂದ ಇನ್ನೂ ಕೆಳಗೆ ಬೆರಳು ತೋರಿಸುತ್ತಾಳೆ. ಅವರು ಅದನ್ನು ಫ್ಯಾಷನ್ ಅಂದುಕೊಳ್ಳುತ್ತಾರೆ.

ತಪ್ಪು ಚರ್ಮದ್ದೂ ಅಲ್ಲ. ಅದನ್ನು ಹಿಗ್ಗಿಸಿ ಮತ್ತೆ ಕುಗ್ಗಿಸುವ ಎಲಾಸ್ಟಿನ್ ಎಂಬ ನಾರನ್ನು ದೇಹ ಬಹುಮಟ್ಟಿಗೆ ಬಾಲ್ಯದಲ್ಲೇ ನೇಯ್ದು ಮುಗಿಸಿಬಿಡುತ್ತದೆ. ದೊಡ್ಡವರಾದ ಮೇಲೆ ಹೊಸ ಸರಬರಾಜು ಇಲ್ಲವೆನ್ನುವಷ್ಟು ಕಡಿಮೆ. ವರ್ಷಗಟ್ಟಲೆ ಎಳೆದು ಹಿಡಿದ ಚರ್ಮದಲ್ಲಿ ಆ ನಾರುಗಳು ಹರಿದಿರುತ್ತವೆ, ಕೊಲ್ಯಾಜನ್ ಎಳೆಗಳ ಹೆಣಿಗೆ ಸಡಿಲವಾಗಿರುತ್ತದೆ. ಕೊಬ್ಬಿನ ಕೋಶಗಳು ಒಳಗೆ ಚಿಕ್ಕವಾದವೆಂದು ಹೊರಗಿನ ಚರ್ಮ ವಾಪಸ್ ಬರುವುದಿಲ್ಲ. ವಯಸ್ಸು, ಎಷ್ಟು ವರ್ಷ ದಪ್ಪಗಿದ್ದರು, ಎಷ್ಟು ಕಿಲೊ ಇಳಿದರು, ಬೀಡಿ ಸಿಗರೇಟು, ಬಿಸಿಲು, ಅಪ್ಪ ಅಮ್ಮ ಕೊಟ್ಟ ಜೀನು, ಎಲ್ಲ ಸೇರಿ ತೀರ್ಮಾನವಾಗುತ್ತದೆ. ಹತ್ತು ಹನ್ನೆರಡು ಕಿಲೊ ಇಳಿದ ಎಳೆಯರ ಚರ್ಮ ವರ್ಷ ಎರಡು ವರ್ಷದಲ್ಲಿ ಸಾಕಷ್ಟು ಬಿಗಿಯಾಗಬಹುದು. ಕೆಳಗೆ ಒಂದಿಷ್ಟು ಮಾಂಸಖಂಡ ಬೆಳೆಸಿದರೆ ನೋಟಕ್ಕೆ ತುಸು ತುಂಬಿಕೊಳ್ಳುತ್ತದೆ. ನಲವತ್ತೆಂಟು ಕಿಲೊ ಹೋದ ಮೇಲೆ ಹೊಟ್ಟೆಯಿಂದ ಇಳಿಬಿದ್ದ ಮಡಿಕೆಗೆ ವ್ಯಾಯಾಮ, ಉಪವಾಸ, ಮನೋಬಲ, ಯಾವುದರ ಮಾತೂ ಕೇಳಿಸುವುದಿಲ್ಲ.

ಇಷ್ಟು ಹೇಳಿದರೆ ವ್ಯಾಪಾರ ನಡೆಯುವುದು ಹೇಗೆ? ಆದ್ದರಿಂದ ಬಿಗಿ ಮಾಡುವ ಕ್ರೀಮು ಇದೆ. ಅಜ್ಜಿಯ ಲೆಕ್ಕದಲ್ಲಿ ಹರಳೆಣ್ಣೆ, ಮೊಮ್ಮಗಳ ಲೆಕ್ಕದಲ್ಲಿ ಕೊಲ್ಯಾಜನ್ ಪುಡಿ. ಕ್ರೀಮು ಚರ್ಮದ ಮೇಲ್ಪದರವನ್ನು ನುಣುಪು ಮಾಡಿ ಅಲ್ಲೇ ಸುಸ್ತಾಗಿ ಕೂರುತ್ತದೆ. ಪುಡಿಯನ್ನು ಹೊಟ್ಟೆ ತೊಗರಿಬೇಳೆಯನ್ನು ಒಡೆದಂತೆಯೇ ಒಡೆದು ಚೂರು ಮಾಡುತ್ತದೆ. ‘ಇದು ಬಲತೋಳಿನ ಕೆಳಭಾಗಕ್ಕೆ’ ಎಂದು ವಿಳಾಸ ಬರೆದು ಕಳಿಸುವ ವ್ಯವಸ್ಥೆ ಜಠರದಲ್ಲಿಲ್ಲ. ಏಪ್ರಿಲ್ ಸೆಕೆಯಲ್ಲಿ ಆ ಮಡಿಕೆಯೊಳಗೆ ಬೆವರು ನಿಂತು, ಚರ್ಮಕ್ಕೆ ಚರ್ಮ ಉಜ್ಜಿ ಕೆಂಪಾಗಿ, ಫಂಗಸ್ ಹಿಡಿದು, ವಾಸನೆ ಬಂದು, ಅಂಕಲ್ ದಿನಕ್ಕೆರಡು ಸಲ ಮಡಿಕೆ ಎತ್ತಿ ಒರೆಸಿ, ಒಣಗಿಸಿ, ಮುಲಾಮು ಹಚ್ಚುತ್ತಾರೆ. ಓಡಿದರೆ ಚರ್ಮ ಬೇರೆ ತಾಳಕ್ಕೆ ಕುಣಿಯುತ್ತದೆಂದು ಬಿಗಿಯಾದ ಒಳಚಡ್ಡಿಯಲ್ಲಿ ಅದನ್ನು ಮಡಿಚಿ ತುರುಕುತ್ತಾರೆ. ಇದಿಷ್ಟಕ್ಕೂ ಸೌಂದರ್ಯದ ಸಮಸ್ಯೆ ಎಂದು ಹೆಸರು.

ಹಾಗೆ ಹೆಸರಿಟ್ಟವರು ಯಾರು? ವಿಮೆಯವರು. ವಿಮಾ ನಿಯಂತ್ರಣ ಪ್ರಾಧಿಕಾರ 2019ರಲ್ಲಿ ಆರೋಗ್ಯ ವಿಮೆಯ ಹೊರಗಿಡುವ ಷರತ್ತುಗಳಿಗೆಲ್ಲ ದೇಶಕ್ಕೊಂದೇ ಭಾಷೆ ಬರೆದುಕೊಟ್ಟಿತು. ಬೊಜ್ಜಿನ ಶಸ್ತ್ರಚಿಕಿತ್ಸೆಗೆ ಅದರಲ್ಲಿ ಒಂದು ಬಾಗಿಲಿದೆ. ಎತ್ತರಕ್ಕೆ ತಕ್ಕ ತೂಕದ ಲೆಕ್ಕವಾದ ಬಿಎಂಐ 40 ಇದ್ದರೆ, ಅಥವಾ 35ರ ಜೊತೆಗೆ ಹೃದಯದ ತೊಂದರೆಯೋ ಹತೋಟಿಗೆ ಬಾರದ ಸಕ್ಕರೆ ಕಾಯಿಲೆಯೋ ಇದ್ದು, ಡಾಕ್ಟರು ಬೇಕೇಬೇಕೆಂದರೆ, ಒಳಗೆ ಬನ್ನಿ. ಅದರ ಎರಡೇ ಸಂಖ್ಯೆ ಆಚೆಗೆ, ಎಂಟನೇ ಷರತ್ತಿನಲ್ಲಿ, ಪ್ಲಾಸ್ಟಿಕ್ ಮತ್ತು ಸೌಂದರ್ಯ ಶಸ್ತ್ರಚಿಕಿತ್ಸೆಗೆ ಬಾಗಿಲು ಹಾಕಿದ್ದಾರೆ. ಅಪಘಾತ, ಸುಟ್ಟಗಾಯ, ಕ್ಯಾನ್ಸರ್ ಆದಮೇಲಿನ ಮರುಜೋಡಣೆಗೆ ಮಾತ್ರ ವಿನಾಯ್ತಿ. ಇಲ್ಲವೆಂದರೆ ‘ನೇರ ಮತ್ತು ತಕ್ಷಣದ’ ಆರೋಗ್ಯ ಅಪಾಯ ಇರಬೇಕು. ಹೊಟ್ಟೆಮಡಿಕೆಯ ಹುಣ್ಣು ನೇರವಾಗಿದೆ, ಪಾಪ. ಆದರೆ ಅದಕ್ಕೆ ತಕ್ಷಣ ಸಾಯಿಸುವ ಚುರುಕುತನವಿಲ್ಲ. ಕೊಬ್ಬು ಕಾಯಿಲೆ, ಕೊಬ್ಬಿಟ್ಟಿದ್ದ ಚೀಲ ಅಲಂಕಾರ ಎಂಬ ಈ ದ್ವೈತವನ್ನು ಮಧ್ವರೂ ಮುಟ್ಟಿರಲಿಲ್ಲ.

ತೆರಿಗೆಯವರೂ ಹಿಂದೆ ಬಿದ್ದಿಲ್ಲ. 2025ರ ಸೆಪ್ಟೆಂಬರ್ 22ರಿಂದ ಜಿಮ್ಮಿನ ಜಿಎಸ್‌ಟಿ ಶೇ. 18ರಿಂದ 5ಕ್ಕೆ ಇಳಿಯಿತು. ವೈಯಕ್ತಿಕ ಆರೋಗ್ಯ ವಿಮೆಯ ಕಂತಿಗೆ ಪೂರಾ ಮಾಫಿ. ಒಳ್ಳೆಯದೇ. ಆದರೆ ಆಸ್ಪತ್ರೆಯ ಚಿಕಿತ್ಸೆಗಿರುವ ವಿನಾಯ್ತಿ ಸೌಂದರ್ಯ ಶಸ್ತ್ರಚಿಕಿತ್ಸೆಗೆ ಇಲ್ಲ. ಅಂದರೆ ಸಣ್ಣಗಾಗಲು ರಿಯಾಯ್ತಿ, ಸಣ್ಣಗಾದದ್ದಕ್ಕೆ ದಂಡ. ಅದೇ ವರ್ಷ ಫೆಬ್ರುವರಿಯಲ್ಲಿ ಪ್ರಧಾನಿಗಳು ಬೊಜ್ಜಿನ ವಿರುದ್ಧ ಕರೆ ಕೊಟ್ಟು, ಅಡುಗೆ ಎಣ್ಣೆ ಶೇ. 10 ಕಡಿಮೆ ಬಳಸಿ ಎಂದರು. ಪ್ರಚಾರಕ್ಕೆ ಹೆಸರಿಸಿದ ಹತ್ತು ಗಣ್ಯರಲ್ಲಿ ನಮ್ಮೂರಿನ ನಂದನ್ ನಿಲೇಕಣಿ, ಸುಧಾ ಮೂರ್ತಿ ಇಬ್ಬರೂ ಇದ್ದರು. ಕರೆಗೆ ಓಗೊಟ್ಟು ಪೂರ್ತಿ ಇಳಿದವರ ಮೈಮೇಲೆ ಉಳಿಯುವುದರ ಉಸ್ತುವಾರಿಗೆ ಒಬ್ಬ ಗಣ್ಯರನ್ನೂ ಹೆಸರಿಸಲಿಲ್ಲ.

ಬಿ ಖಾತಾ ನಿವೇಶನಕ್ಕೂ ಯೋಗ ಬಂತು. 2025ರ ನವೆಂಬರ್‌ನಿಂದ, ಮಾರ್ಗಸೂಚಿ ದರದ ಶೇ. 5 ಕಟ್ಟಿ ಎ ಖಾತಾ ಮಾಡಿಸಿಕೊಳ್ಳಿ ಎಂದು ಸರ್ಕಾರ ನೂರು ದಿನದ ಅವಕಾಶ ತೆರೆಯಿತು. ಅಂಕಲ್ ಕಟ್ಟಡದ ಕಾಗದ ಹಿಡಿದು ಓಡಾಡಿದರು. ಚರ್ಮಕ್ಕೆ ಅಂಥ ಕೌಂಟರ್ ಎಲ್ಲಿದೆ? ಪಾಳ್ಯದ ಪಕ್ಕದ ಡೈರಿ ಸರ್ಕಲ್ಲಿನ ಸುತ್ತ ಸರ್ಕಾರಿ ಸಂಸ್ಥೆಗಳಿಗೇನು ಬರವಿಲ್ಲ. ತಲೆಗೆ ನಿಮ್ಹಾನ್ಸ್, ಗಡ್ಡೆಗೆ ಕಿದ್ವಾಯಿ, ಎದೆಗೆ ಜಯದೇವ, ಎಲುಬಿಗೆ ಸಂಜಯ ಗಾಂಧಿ, ಮಕ್ಕಳಿಗೆ ಇಂದಿರಾ ಗಾಂಧಿ. ಚರ್ಮದ ವಿಷಯಕ್ಕೆ ವಿಕ್ಟೋರಿಯಾ ಆಸ್ಪತ್ರೆಯಲ್ಲಿ ಚರ್ಮ ಬ್ಯಾಂಕ್ ಇದೆ. ಸತ್ತವರ ಚರ್ಮವನ್ನು ದಾನವಾಗಿ ಪಡೆದು ಸುಟ್ಟಗಾಯದವರನ್ನು ಉಳಿಸುವ ದೊಡ್ಡ ಕೆಲಸ. ಸತ್ತ ಮೇಲೆ ಚರ್ಮ ಕೊಟ್ಟರೆ ಪುಣ್ಯ. ಬದುಕಿರುವಾಗ ಇಷ್ಟು ನನಗೆ ಹೆಚ್ಚಾಯಿತು ತೆಗೆಯಿರಪ್ಪ ಅಂದರೆ ಶೋಕಿ.

ಇನ್ನು ಉಳಿದದ್ದು ಖಾಸಗಿ ದಾರಿ. ಲಿಪೊಸಕ್ಷನ್ ಅಲ್ಲ, ಅದು ಕೊಬ್ಬನ್ನು ಹೀರುತ್ತದೆ, ಜೋತ ಚರ್ಮವನ್ನು ಮುಟ್ಟುವುದಿಲ್ಲ. ಕತ್ತರಿಸಿಯೇ ತೆಗೆಯಬೇಕು. ಒಳ್ಳೆಯ ಸರ್ಜನ್ ಮೊದಲು ‘ಕಾಯಿರಿ’ ಅನ್ನುತ್ತಾರೆ. ತೂಕ ಕನಿಷ್ಠ ಆರು ತಿಂಗಳು ಅಲ್ಲಾಡದೆ ನಿಲ್ಲಬೇಕು, ಸಿಗರೇಟು ಬಿಡಬೇಕು, ರಕ್ತದಲ್ಲಿ ಕಬ್ಬಿಣ, ಪ್ರೋಟೀನ್ ಸರಿಯಿರಬೇಕು. ಒಂದು ಸೊಂಟದ ಮೂಳೆಯಿಂದ ಇನ್ನೊಂದು ಸೊಂಟದ ಮೂಳೆಯವರೆಗೆ ಗಾಯದ ಗೆರೆ ಜೀವಮಾನವಿಡೀ ಉಳಿಯುತ್ತದೆ. ಒಳಗೆ ನೀರು ಕಟ್ಟದಂತೆ ಕೆಲವು ದಿನ ನಳಿಕೆ ಸಿಕ್ಕಿಸಿಕೊಂಡು ತಿರುಗಬೇಕು. ಖರ್ಚು ಲಕ್ಷಗಳಲ್ಲಿ. ಅಷ್ಟಾದರೂ ಮಾಡಿಸಿಕೊಂಡವರಲ್ಲಿ ಬಹಳ ಮಂದಿಗೆ ಹೊಸ ಜನ್ಮ ಬಂದಂತಾಗುತ್ತದೆ.

ಇಲ್ಲಿ ನಗೆ ನಿಲ್ಲಿಸಬೇಕಾದ ಒಂದು ಮಾತಿದೆ. 2022ರ ಮೇ ತಿಂಗಳಲ್ಲಿ ಇದೇ ಬೆಂಗಳೂರಿನಲ್ಲಿ ಕೊಬ್ಬು ತೆಗೆಸುವ ಶಸ್ತ್ರಚಿಕಿತ್ಸೆಗೆಂದು ಖಾಸಗಿ ಕೇಂದ್ರವೊಂದಕ್ಕೆ ಹೋದ ಕಿರುತೆರೆ ನಟಿ ಚೇತನಾ ರಾಜ್ ತೀರಿಕೊಂಡರು. ವಯಸ್ಸು 21. ಹುಣ್ಣಾದ ಮಡಿಕೆ ಹಿಡಿದು ನಿಂತ ಐವತ್ತರ ಗಂಡಸಿಗೆ ‘ನಿಮಗ್ಯಾಕೆ ಸಾರ್ ಈ ವಯಸ್ಸಿನಲ್ಲಿ ಶೋಕಿ’ ಅನ್ನುವ ಊರೇ ಇಪ್ಪತ್ತೊಂದರ ಹುಡುಗಿಗೆ ಅದೇ ಶೋಕಿಯನ್ನು ವೃತ್ತಿಯ ಅರ್ಹತೆಯೆಂದು ನಂಬಿಸುತ್ತದೆ. ಬೇಕಾದವರಿಗೆ ಬೇಡ, ಬೇಡವಾದವರಿಗೆ ಬೇಕೇ ಬೇಕು.

ನಮ್ಮ ಆದರ್ಶಗಳೂ ಇದಕ್ಕೆ ಸಹಾಯ ಮಾಡಿಲ್ಲ. ಕನ್ನಡ ನಾಡು ವೈರಾಗ್ಯದ ದೇಹವನ್ನು ಕಡೆದದ್ದು ಶ್ರವಣಬೆಳಗೊಳದಲ್ಲಿ. ಚಾವುಂಡರಾಯ ಕಡೆಸಿದ ಬಾಹುಬಲಿ ವರ್ಷಪೂರ್ತಿ ಅನ್ನ ನೀರು ಬಿಟ್ಟು ನಿಂತವನು. ಬಳ್ಳಿ ಹಬ್ಬಿದೆ, ಹುತ್ತ ಬೆಳೆದಿದೆ, ಮೈ ಮಾತ್ರ ಸಾವಿರ ವರ್ಷದಿಂದ ಒಂದು ಮಡಿಕೆಯಿಲ್ಲದೆ ಬಿಗಿಯಾಗಿದೆ. ಕಲ್ಲಿಗೆ ಎಲಾಸ್ಟಿನ್ ಬೇಡ. ನಾವು ಅದನ್ನು ನೋಡಿ ಬಂದು, ತ್ಯಾಗ ಮಾಡಿದವನ ಮೈ ಹಾಗಿರುತ್ತದೆಂದುಕೊಂಡು ಬನಿಯನ್ ತೆಗೆದು ಕನ್ನಡಿ ನೋಡುತ್ತೇವೆ.

ಇದೆಲ್ಲ ಇನ್ನು ಮುಂದೆ ಅಂಕಲ್ ಒಬ್ಬರ ಕಥೆಯಾಗಿ ಉಳಿಯುವುದಿಲ್ಲ. ತೂಕ ಇಳಿಸುವ ಸೂಜಿಮದ್ದುಗಳ ಪೈಕಿ 2025ರ ಮಾರ್ಚ್‌ನಲ್ಲಿ ಮೌಂಜಾರೊ ಬಂತು, ಜೂನ್‌ನಲ್ಲಿ ವಿಗೋವಿ. ವಿಗೋವಿಯೊಳಗಿನ ಸೆಮಾಗ್ಲುಟೈಡ್‌ನ ಪೇಟೆಂಟ್ 2026ರ ಮಾರ್ಚ್‌ಗೆ ಮುಗಿಯುವುದೆಂದು ದೇಶದ ಔಷಧ ಕಂಪನಿಗಳು ಅಗ್ಗದ ಸೂಜಿಗಳನ್ನು ಮೊದಲೇ ಸಜ್ಜು ಮಾಡಿಕೊಂಡವು. ಸಕ್ಕರೆ, ಹೃದಯದ ಕಾಯಿಲೆಯವರಿಗೆ ಇವು ನಿಜವಾದ ಔಷಧಗಳೇ, ಅನುಮಾನ ಬೇಡ. ಆದರೆ ಸೂಜಿ ಹಸಿವನ್ನು ಇಳಿಸುತ್ತದೆ, ಚರ್ಮವನ್ನು ಮಡಿಚಿ ಕೊಡುವುದಿಲ್ಲ. ತೂಕ ಬೇಗ ಇಳಿದಂತೆ ಬಿ ಖಾತಾದಾರರ ಸಾಲು ತಾವರೆಕೆರೆ ಸಿಗ್ನಲ್ ದಾಟಿ ಬೆಳೆಯಲಿದೆ.

ಅಂಕಲ್ ಕೊನೆಗೆ ತಮ್ಮ ವಿಮೆಯ ಸಹಾಯವಾಣಿಗೇ ಫೋನ್ ಹಚ್ಚಿದರು. ಹುಣ್ಣಿನ ಫೋಟೊ ಕಳಿಸಿದ್ದರು, ಚರ್ಮರೋಗ ತಜ್ಞರ ಚೀಟಿ ಕಳಿಸಿದ್ದರು, ಬೊಜ್ಜಿನ ಆಪರೇಷನ್ನೇ ಇಲ್ಲದೆ ಇಳಿದು ಕಂಪನಿಗೆ ಲಕ್ಷಗಟ್ಟಲೆ ಉಳಿಸಿಕೊಟ್ಟದ್ದನ್ನೂ ಒಂದು ಪ್ಯಾರಾದಲ್ಲಿ ವಿನಯವಾಗಿ ಬರೆದಿದ್ದರು. ಅತ್ತಲಿನ ಹುಡುಗಿ ಬಹಳ ಮರ್ಯಾದಸ್ಥೆ.

‘ಸಾರ್, ನಿಮ್ಮದು ಕಾಸ್ಮೆಟಿಕ್ ಅಂತ ತೋರಿಸ್ತಿದೆ, ಕವರ್ ಆಗಲ್ಲ.’

‘ಏನೂ ದಾರಿ ಇಲ್ವೇನಮ್ಮಾ?’

ಕೀಬೋರ್ಡಿನ ಸದ್ದಾಯಿತು. ‘ಒಂದಿದೆ ಸಾರ್. ತೂಕ ವಾಪಸ್ ಬಂದು ಬಿಎಂಐ ನಲವತ್ತು ದಾಟಿದ್ರೆ ಬೇರಿಯಾಟ್ರಿಕ್ ಸರ್ಜರಿಗೆ ಅಪ್ಲೈ ಮಾಡ್ಬಹುದು.’

ಅಂಕಲ್ ಮೂವತ್ತು ವರ್ಷ ಬಾಡಿಗೆ ಕರಾರು ಬರೆಸಿದ ಮನುಷ್ಯ. ಬೇಜಾರು ಮಾಡಿಕೊಳ್ಳದೆ ಪೆನ್ನು ಹುಡುಕಿಕೊಂಡು ಕೇಳಿದರು: ‘ಅದಕ್ಕೆ ವೇಟಿಂಗ್ ಪೀರಿಯಡ್ ಎಷ್ಟಮ್ಮಾ?’