ಸುಳಿ ನೋಡದೆ ಕೊಂಡದ್ದು

ನಮ್ಮಪ್ಪ ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ ಎತ್ತು ಕೊಳ್ಳುವಾಗ ಹಲ್ಲು ನೋಡಿದ ಮೇಲೆ ಸುಳಿ ನೋಡುತ್ತಿದ್ದರು. ಹಣೆ, ಹೆಗಲು, ಬೆನ್ನು, ಎಲ್ಲೆಲ್ಲಿ ಕೂದಲು ಸುತ್ತಿಕೊಂಡಿದೆಯೋ ಅಲ್ಲೆಲ್ಲ ಬೆರಳಾಡಿಸಿ, ಆಮೇಲೆ ಟವೆಲಿನ ಕೆಳಗೆ ಅದೇ ಬೆರಳುಗಳಲ್ಲಿ ವ್ಯಾಪಾರ. ಸುಳಿ ಸರಿಯಿಲ್ಲ ಅನ್ನಿಸಿದರೆ ಅರ್ಧ ಬೆಲೆಗೆ ಕೊಡುತ್ತೇನೆಂದರೂ ಹಗ್ಗ ಮುಟ್ಟುತ್ತಿರಲಿಲ್ಲ.

ಅಂಥವರ ಮಗಳು ನಾನು. ಒಂದು ಸೆಕೆಂಡ್ ಹ್ಯಾಂಡ್ ಕರಿ ಕಾರನ್ನು ಮೋಡ ಮುಚ್ಚಿದ ಸಂಜೆ, ಆಗಷ್ಟೇ ನೀರು ಹೊಯ್ದು ನಿಲ್ಲಿಸಿದ್ದಾಗ ನೋಡಿ, ‘ಆಹಾ, ಕೃಷ್ಣಶಿಲೆ!’ ಎಂದು ಅಡ್ವಾನ್ಸ್ ಕೊಟ್ಟು ಬಾಗಲಗುಂಟೆಗೆ ವಾಪಸಾದೆ. ಒದ್ದೆ ಕಾರಿನಲ್ಲಿ ಗೀರು ಕಾಣುವುದಿಲ್ಲ; ನೀರು ಗೀರಿನೊಳಗೆ ತುಂಬಿಕೊಂಡು ಎಲ್ಲವನ್ನೂ ಸಮ ಮಾಡಿಬಿಡುತ್ತದೆ. ಇದು ಮಾರಿದವನಿಗೆ ಗೊತ್ತಿತ್ತು. ನನಗೆ, ಕಾರು ಮನೆಗೆ ಬಂದ ಮಾರನೆಯ ಬೆಳಗ್ಗೆ ಗೊತ್ತಾಯಿತು.

ಬಾನೆಟ್ಟಿನ ಮೇಲೆ ಸೂರ್ಯ ಎಲ್ಲಿ ಬಿದ್ದಿದ್ದನೋ ಅಲ್ಲಿ ಅವನ ಸುತ್ತ ಜೇಡರ ಬಲೆ. ನಾನು ಎಡಕ್ಕೆ ಸರಿದರೆ ಸೂರ್ಯನೂ ಬಲೆಯೂ ಜೊತೆಜೊತೆಗೆ ಎಡಕ್ಕೆ ಬಂದವು. ಬಲಕ್ಕೆ ಸರಿದರೆ ಬಲಕ್ಕೆ. ಆಮೇಲೆ ಓದಿ ತಿಳಿದುಕೊಂಡೆ, ಅವು ಸುಳಿಗಳೇ ಅಲ್ಲವಂತೆ. ಬಟ್ಟೆಯಲ್ಲಿ ಸಿಕ್ಕಿದ ಮರಳಿನ ಕಣಗಳು ಎಳೆದ ಗೀರು ಅಡ್ಡಾದಿಡ್ಡಿ ಎಲ್ಲ ದಿಕ್ಕಿಗೂ ಇರುತ್ತವೆ. ಬೆಳಕಿನ ಬಿಂಬಕ್ಕೆ ಅಡ್ಡಲಾಗಿರುವಂಥವು ಮಾತ್ರ ಕಣ್ಣಿಗೆ ಮಿಂಚುವುದರಿಂದ ಬಿಂಬದ ಸುತ್ತ ಬಳೆಬಳೆಯಾಗಿ ಕಾಣುತ್ತವೆ. ಬಿಳಿ ಕಾರಿನಲ್ಲೂ ಅಷ್ಟೇ ಗೀರು ಇರುತ್ತವೆ. ಬಿಳಿ ಬಣ್ಣ ಬೆಳಕನ್ನು ಎಲ್ಲ ಕಡೆಗೂ ಚೆಲ್ಲಿ ಅವನ್ನು ಮುಚ್ಚಿಹಾಕುತ್ತದೆ. ಕಪ್ಪಿಗೆ ಆ ರಾಜಕೀಯ ತಿಳಿಯದು.

ಇನ್ನೊಬ್ಬರಾಗಿದ್ದರೆ ಸುಮ್ಮನಿರುತ್ತಿದ್ದರೋ ಏನೋ. ನನ್ನದು ಇಪ್ಪತ್ತೆರಡು ವರ್ಷದಿಂದ ಪಿಯುಸಿ ಮಕ್ಕಳ ಕನ್ನಡ ಉತ್ತರಪತ್ರಿಕೆ ತಿದ್ದಿದ ಕಣ್ಣು. ಮದುವೆ ಕರೆಯೋಲೆಯಲ್ಲಿ ಮಹಾಪ್ರಾಣ ತಪ್ಪಿದ್ದರೂ ಕೈ ಕೆಂಪು ಪೆನ್ನು ಹುಡುಕುತ್ತದೆ.

ಅತ್ತೆ ಮೊದಲೇ ಹೇಳಿದ್ದರು: “ಕಪ್ಪು ಯಾಕಮ್ಮಾ? ಶನಿಮಹಾತ್ಮನ ಬಣ್ಣ. ಹಿಡಿದರೆ ಏಳೂವರೆ ವರ್ಷ ಬಿಡಲ್ಲ.”

“ಸಾಲದ ಕಂತು ಐದೇ ವರ್ಷ, ಅತ್ತೆ” ಎಂದೆ. ಅಷ್ಟಕ್ಕೇ ಬಿಡದೆ, ಫೋರ್ಡ್ ಕಂಪನಿಯವರು ತಮ್ಮ ಮಾಡೆಲ್ ಟಿ ಕಾರನ್ನು 1914ರಿಂದ 1925ರವರೆಗೆ ಕಪ್ಪು ಬಣ್ಣವೊಂದರಲ್ಲೇ ಮಾರಿದರು, ಅಮೆರಿಕಕ್ಕೆ ಏನಾಯಿತು ಎಂದೂ ಕೇಳಿದೆ. “1929ರಲ್ಲಿ ಷೇರುಪೇಟೆ ಮಗುಚಿಕೊಳ್ತು” ಎಂದರು ಯಜಮಾನರು, ಪೇಪರಿನ ಹಿಂದಿನಿಂದ.

ಗೀರು ಎಳೆದ ಪಾಪಿ ಯಾರು ಎಂಬ ವಿಚಾರಣೆ ಶುರುವಾಯಿತು. ಕೆಲವು ಹಳೆಯ ಮಾಲೀಕರ ಕಾಲದವು, ಸರಿ. ಆದರೆ ದಿನದಿನಕ್ಕೆ ಹೆಚ್ಚುತ್ತಿದ್ದವಲ್ಲ? ನಮ್ಮ ಬೀದಿಗೆ ಬೆಳಗಿನ ಆರಕ್ಕೆ ಕಾರು ಒರೆಸಲು ಬರುವ ಹುಡುಗನದು ಒಂದು ಬಕೆಟ್ಟು, ಒಂದು ಬಟ್ಟೆ, ಹನ್ನೊಂದು ಕಾರು. ನನ್ನದು ಒಂಬತ್ತನೆಯದು. ಎಂಟು ಕಾರುಗಳು ಹೆಸರಘಟ್ಟ ರಸ್ತೆಯಿಂದ ಹೊತ್ತು ತಂದ ಧೂಳನ್ನೆಲ್ಲ ಆ ಬಟ್ಟೆ ನನ್ನ ಬಾನೆಟ್ಟಿನ ಮೇಲೆ ಚಟ್ನಿ ರುಬ್ಬಿದ ಹಾಗೆ ರುಬ್ಬುತ್ತಿತ್ತು. ಅವನನ್ನು ಬಿಡಿಸಿದೆ. ಆಯುಧಪೂಜೆಯ ದಿನ ಅದೇ ಬಾನೆಟ್ಟಿಗೆ ವಿಭೂತಿ ಪಟ್ಟೆ ಎಳೆದು, ಒಣಗಿದ ಮೇಲೆ ಧೂಳು ಸಮೇತ ಹಳೇ ಪಂಚೆಯಲ್ಲಿ ತಿಕ್ಕಿ ತಿಕ್ಕಿ ತೆಗೆದವಳು ನಾನೇ ಎಂಬುದನ್ನು ವಿಚಾರಣೆಯಲ್ಲಿ ಯಾರೂ ಎತ್ತಲಿಲ್ಲ.

ಒಣಗಿದ ಕಾರನ್ನು ಒರೆಸಬಾರದು, ತೊಳೆಯಬೇಕು. ಅದೂ ಎರಡು ಬಕೆಟ್ಟಿನಲ್ಲಿ. ಒಂದರಲ್ಲಿ ಶಾಂಪೂ ನೀರು, ಇನ್ನೊಂದರಲ್ಲಿ ಬಟ್ಟೆ ಜಾಲಿಸಲು ಬರೀ ನೀರು. ಹೇಳುವವರಿಗೇನು! 2024ರ ಮಾರ್ಚಿನಲ್ಲಿ ಜಲಮಂಡಳಿಯವರು ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಎಂದ ದಿನದಿಂದ ನಾನು ಬಕೆಟ್ಟು ಎತ್ತಿದರೆ ಕಳ್ಳಿಯ ಹಾಗೆ ಆಚೀಚೆ ನೋಡುತ್ತೇನೆ. ಬೋರ್‌ವೆಲ್ ನೀರಿಗೆ ಯಾರ ತಕರಾರೂ ಇಲ್ಲ. ಅದು ಒಣಗಿದ ಮೇಲೆ ಮೈತುಂಬ ಸುಣ್ಣದ ಬೊಟ್ಟು ಇಡುತ್ತದೆ, ಅಷ್ಟೆ.

ಮನೆಮದ್ದುಗಳ ಕಥೆ ಉದ್ದ ಮಾಡುವುದಿಲ್ಲ. ಟೂತ್‌ಪೇಸ್ಟ್ ಹಚ್ಚಿದೆ, ಅದರಲ್ಲಿ ಉಜ್ಜುವ ಪುಡಿ ಇರುವುದು ನಿಜ, ಆದರೆ ಹಲ್ಲಿನ ಲೆಕ್ಕಕ್ಕೆ. ಕೊಬ್ಬರಿ ಎಣ್ಣೆ ಹಚ್ಚಿದೆ. ಮೂರು ಗಂಟೆ ಸ್ವರ್ಗ, ಸಂಜೆಯ ಹೊತ್ತಿಗೆ ಧೂಳೆಲ್ಲ ಅಂಟಿ ಗಸಗಸೆಯಲ್ಲಿ ಹೊರಳಿಸಿದ ಕಜ್ಜಾಯ. ಸೆರಾಮಿಕ್ ಕೋಟಿಂಗಿನವನೊಬ್ಬ ‘ನೈನ್ ಎಚ್ ಗಟ್ಟಿ, ಮೇಡಂ’ ಎಂದು ವಜ್ರದ ವ್ಯಾಪಾರಿಯ ದನಿಯಲ್ಲಿ ಹೇಳಿದ. ಆ ಎಚ್ ಡ್ರಾಯಿಂಗ್ ಪೆನ್ಸಿಲ್ಲಿನ ಎಚ್ಚೇ. ಪೆನ್ಸಿಲ್ಲಿನಿಂದ ಗೀಚಿ ನೋಡುವ ಪರೀಕ್ಷೆಯ ಅಂಕ ಅದು. ನನ್ನ ಕಾರಿನ ಮೇಲೆ ಪೆನ್ಸಿಲ್ಲಿನಿಂದ ಯಾರೂ ಬರೆಯುತ್ತಿಲ್ಲವಲ್ಲಪ್ಪ ಎಂದು ಕಳಿಸಿದೆ.

ಕೊನೆಗೆ ರಬ್ಬಿಂಗ್ ಕಾಂಪೌಂಡ್ ತಂದೆ. ಇಲ್ಲಿ ಒಂದು ವಿಷಯ ಹೇಳಬೇಕು. ಗೀರು ಎಂದರೆ ಹಳ್ಳ. ಹಳ್ಳವನ್ನು ಕಿತ್ತು ಬಿಸಾಡಲಾಗುವುದಿಲ್ಲ. ಸುತ್ತಲಿನ ನೆಲವನ್ನೇ ಸವೆಸಿ ಹಳ್ಳದ ಮಟ್ಟಕ್ಕೆ ತಗ್ಗಿಸಬೇಕು. (ನಮ್ಮ ರಸ್ತೆಗಳನ್ನೂ ಹೀಗೇ ರಿಪೇರಿ ಮಾಡುತ್ತಾರೆಂದು ನನಗೆ ಬಹಳ ದಿನದ ಗುಮಾನಿ.) ಬಣ್ಣದ ಮೇಲಿರುವ ಕ್ಲಿಯರ್ ಕೋಟ್ ಸಾಮಾನ್ಯವಾಗಿ 40-50 ಮೈಕ್ರಾನ್, ತಲೆಗೂದಲಿಗಿಂತ ತೆಳು. ಸವೆಸುವುದೆಲ್ಲ ಅಷ್ಟರೊಳಗೇ. ಉಗುರು ಆಡಿಸಿದಾಗ ಸಿಕ್ಕಿಕೊಂಡರೆ ಆ ಗೀರು ಪಾಲಿಶ್‌ಗೆ ಹೋಗುವುದಿಲ್ಲ. ಸಿಕ್ಕಿಕೊಳ್ಳದಿದ್ದರೆ ಆಸೆ ಇಟ್ಟುಕೊಳ್ಳಬಹುದು.

ಆ ಭಾನುವಾರ ಒಂಬತ್ತೂವರೆಗೆ ಕೂತೆ. ಹತ್ತೂವರೆಗೆ ಬಾನೆಟ್ಟಿನ ಎಡಭಾಗ ಒಂದು ತಟ್ಟೆಯಗಲ ನಿಜಕ್ಕೂ ಕನ್ನಡಿಯಾಯಿತು. ಹಿಗ್ಗಿದೆ. ಆಗ ಕಣ್ಣಿಗೆ ಬಿತ್ತು ಒಂದು ಗೀರು. ಎರಡು ಗೇಣುದ್ದ, ನಡುವೆ ಸ್ವಲ್ಪ ಜೋತುಬಿದ್ದ ಹಾಗೆ, ಕೂದಲೆಳೆಯಷ್ಟು ಸಪೂರ. ಇಷ್ಟು ದಿನ ಸಣ್ಣ ಗೀರುಗಳ ಗದ್ದಲದಲ್ಲಿ ಅಡಗಿ ಕೂತಿದ್ದ ಸರದಾರ! ಉಗುರು ಆಡಿಸಿದೆ. ಸಿಕ್ಕಿಕೊಳ್ಳಲಿಲ್ಲ. ಶುಭಲಕ್ಷಣ. ಉಜ್ಜಿದೆ. ಉಜ್ಜಿದಷ್ಟೂ ಗೀರು ಸ್ಪಷ್ಟವಾಯಿತು. ಮೊದಲು ಮಸುಕಾಗಿದ್ದದ್ದು ಇಪ್ಪತ್ತು ನಿಮಿಷದಲ್ಲಿ ಮುದ್ರಿಸಿದ ಹಾಗೆ ಎದ್ದು ಬಂತು. ಮೂವತ್ತನೆಯ ನಿಮಿಷಕ್ಕೆ ಪಕ್ಕದಲ್ಲೇ ಇನ್ನೊಂದು.

ಎದುರುಮನೆ ಅಂಕಲ್ ಗೇಟಿನಿಂದಲೇ ಕತ್ತು ಚಾಚಿ ತೀರ್ಪು ಕೊಟ್ಟರು: “ಕೀಲಿಕೈನಲ್ಲಿ ಎಳೆದಿದ್ದಾರೆ, ಮೇಡಂ. ಹೊಟ್ಟೆಕಿಚ್ಚು.” ಅವರು ಹೇಳಿದ್ದೇ ತಡ, ಪಾರ್ಕಿಂಗ್ ವಿಷಯಕ್ಕೆ ನನ್ನೊಡನೆ ಮಾತು ಬಿಟ್ಟ ಮೂರೂ ಮನೆಯವರ ಮುಖ ಕಣ್ಮುಂದೆ ಬಂತು. ಉಜ್ಜುತ್ತಲೇ ಒಂದು ಬೈಗುಳದ ಭಾಷಣ ರಚಿಸಿದೆ. ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ ಎಲ್ಲ ಇತ್ತು. ಉಪಸಂಹಾರದಲ್ಲಿದ್ದಾಗ ಗೀರಿನ ಮೇಲೆ ಒಂದು ಕಾಗೆ ಬಂದು ಕೂತಿತು.

ಹುಶ್ ಎಂದೆ. ಹೋಗಲಿಲ್ಲ. ಬಟ್ಟೆಯಿಂದ ಬಾನೆಟ್ಟಿಗೆ ಬಡಿದೆ. ನನ್ನ ಕೈ ಕಾಗೆಯ ಮೇಲೇ ಹಾದುಹೋದರೂ ಅದು ಕದಲದೆ, ಕೊಕ್ಕನ್ನು ಗೀರಿಗೆ ಆ ಕಡೆ ಒಂದು ಸಲ, ಈ ಕಡೆ ಒಂದು ಸಲ ಒರೆಸಿಕೊಂಡಿತು. ಗೀರು ಜೋಕಾಲಿಯ ಹಾಗೆ ತೂಗಿತು. ಉಗುರಿಗೆ ಸಿಗದ ಗೀರು ಕಾಗೆಯ ಕಾಲಿಗೆ ಹೇಗೆ ಸಿಕ್ಕಿತು ಎಂದು ನಾನು ನಿಜವಾಗಿ ಯೋಚಿಸಿದೆ. ಈಗ ಒಪ್ಪಿಕೊಳ್ಳಲು ನಾಚಿಕೆಯಾದರೂ ಎರಡು ಮೂರು ಕ್ಷಣ ಅದನ್ನೇ ಯೋಚಿಸಿದೆ. ಅಷ್ಟರಲ್ಲಿ ಕಾಗೆ ‘ಕಾ’ ಎಂದಿತು. ಬಾನೆಟ್ಟಿನಿಂದಲ್ಲ, ಮೇಲಿನಿಂದ.

ಕಂಬದಿಂದ ನಮ್ಮ ಎರಡನೇ ಮಹಡಿಗೆ ಎಳೆದ ಕೇಬಲ್ಲು. ಅದರ ಪಕ್ಕ, ಇಂಟರ್‌ನೆಟ್ಟಿನವರು ಕನೆಕ್ಷನ್ ಕಿತ್ತರೂ ಕಿತ್ತುಕೊಂಡು ಹೋಗದ ಇನ್ನೊಂದು ವಯರು. ನಾನು ಬಾನೆಟ್ಟನ್ನು ಕನ್ನಡಿ ಮಾಡುತ್ತ ಹೋದ ಹಾಗೆ ಅವು ಒಂದೊಂದಾಗಿ ಅದರಲ್ಲಿ ಮುಖ ನೋಡಿಕೊಂಡಿದ್ದವು. ಮುಕ್ಕಾಲು ಗಂಟೆ ನಾನು ಉಜ್ಜಿದ್ದು ಬಾಗಲಗುಂಟೆಯ ಆಕಾಶವನ್ನು.

ಬಾಲ್ಕನಿಯಿಂದ ಅತ್ತೆ: “ಕಾಗೆ ಮುಟ್ತೇನೇ? ತಲೆಗೆ ನೀರು ಹಾಕ್ಕೋ!” ಕಾಗೆ ಹಾರಿತು. ಹಾರುವ ಮುನ್ನ, ಆ ತಟ್ಟೆಯಗಲದ ಕನ್ನಡಿಯ ನಟ್ಟನಡುವೆ ನಿಜವಾದ ಗುರುತೊಂದನ್ನು ಬಿಟ್ಟುಹೋಯಿತು.

ನಗುವಿನ ಸದ್ದಿಗೆ ಪಕ್ಕದ ವಠಾರದಿಂದ ಒಬ್ಬರು ಬಂದರು. ಪೀಣ್ಯದ ಶೆಡ್ಡೊಂದರಲ್ಲಿ ಬಫಿಂಗ್ ಕೆಲಸ. ಸ್ಟೀಲಿನ ಹ್ಯಾಂಡಲ್ಲು, ನಲ್ಲಿಗಳನ್ನು ತಿರುಗುವ ಚಕ್ರಕ್ಕೆ ಒತ್ತಿ ಹಿಡಿದು ಫಳಫಳ ಮಾಡುವುದು. ರಾತ್ರಿ ಮನೆಗೆ ಬರುವಾಗ ಕಣ್ಣು ಹಲ್ಲು ಬಿಟ್ಟು ಮಿಕ್ಕಿದ್ದೆಲ್ಲ ಕಪ್ಪಗಿರುತ್ತದೆ. “ಅಷ್ಟು ಒತ್ತಬಾರ್ದಕ್ಕಾ, ಬಿಸಿಯಾದ್ರೆ ಬಣ್ಣ ಸುಡುತ್ತೆ” ಎಂದರು. ಮುಟ್ಟಿ ನೋಡಿ ಹೇಳಿ, ನುಣ್ಣಗಾಗಿದೆಯಾ ಎಂದು ಕೇಳಿದೆ.

“ನನ್ ಬೆರಳಿಗೆ ಗೊತ್ತಾಗಲ್ಲಕ್ಕಾ” ಎಂದು ಹೆಬ್ಬೆರಳು ತೋರಿಸಿದರು. “ರೇಷನ್ ಅಂಗಡಿ ಮಿಷಿನ್ನಿಗೂ ಗೊತ್ತಾಗಲ್ಲ. ಹೆಂಡ್ತಿ ಹೋಗ್ತಿದ್ಲು, ಬಾಣಂತನಕ್ಕೆ ಊರಿಗೆ ಹೋಗವ್ಳೆ. ಈ ತಿಂಗ್ಳು ಎರಡು ಸಲ ವಾಪಸ್ ಬಂದೆ.”

ಚಿಕ್ಕವರಿದ್ದಾಗ ಬೆರಳ ತುದಿಯಲ್ಲಿ ಶಂಖ ಎಷ್ಟು, ಚಕ್ರ ಎಷ್ಟು ಎಂದು ಎಣಿಸುತ್ತಿದ್ದೆವಲ್ಲ, ಹಾಗೆ ಆ ಹೆಬ್ಬೆರಳನ್ನು ಬಿಸಿಲಿಗೆ ಹಿಡಿದು ನೋಡಿದೆ. ಹೊಳೆಯ ಕಲ್ಲಿನ ಹಾಗೆ ನುಣ್ಣಗಿತ್ತು. ಸುಳಿ ಇರಲಿಲ್ಲ.

ಆ ವಾರವೇ ಕಾಲೇಜಿಗೆ ಅರ್ಧ ದಿನ ರಜೆ ಹಾಕಿ ಅವರನ್ನು ಕಾರಿನಲ್ಲಿ ಕರೆದುಕೊಂಡು ಹೋದೆ. ಒಂಬತ್ತು ಬೆರಳು ಒಲ್ಲೆ ಎಂದ ಮಿಷಿನ್ನು ಎಡಗೈ ಕಿರುಬೆರಳನ್ನು ಒಪ್ಪಿತು. ಅಕ್ಕಿಮೂಟೆ ಡಿಕ್ಕಿಗೆ ಹಾಕುವಾಗ ಬಂಪರಿಗೆ ಉಜ್ಜಿತು. ಉಗುರಿಗೆ ಸಿಗುವ ಗೀರು.

ಒರೆಸುವ ಹುಡುಗ ಮತ್ತೆ ಬರುತ್ತಿದ್ದಾನೆ, ನಾನು ಕೊಡಿಸಿದ ಎರಡನೇ ಬಕೆಟ್ಟಿನ ಜೊತೆ. ಅವನು ರಜೆ ಹಾಕಿದ ವಾರ ಯಾರೋ ಹಿಂದಿನ ಗಾಜಿನ ಕೆಳಗೆ, ಧೂಳಿನ ಮೇಲೆ ಬೆರಳಿನಲ್ಲಿ ‘ಧಯವಿಟ್ಟು ತೊಳೆಯಿರಿ’ ಎಂದು ಬರೆದಿದ್ದರು. ಏನು ಮಾಡುತ್ತಿದ್ದೇನೆಂದು ತಿಳಿಯುವ ಮೊದಲೇ ನನ್ನ ತೋರುಬೆರಳು ‘ಧ’ವನ್ನು ಹೊಡೆದು ಹಾಕಿ ಮೇಲೆ ‘ದ’ ಬರೆದುಬಿಟ್ಟಿತ್ತು. ತೊಳೆದ ಮೇಲೂ ಬಿಸಿಲಿಗೆ ಎರಡೂ ಕಾಣುತ್ತವೆ, ತಪ್ಪೂ ತಿದ್ದುಪಡಿಯೂ. ಆದ್ದರಿಂದ ಹೆಸರಘಟ್ಟ ರಸ್ತೆಯ ಕಡೆ ಬರುವವರಲ್ಲಿ ನನ್ನದೊಂದು ವಿನಂತಿ: ಕರಿ ಕಾರಿನ ಧೂಳಿನ ಮೇಲೆ ದಯವಿಟ್ಟು ಬೆರಳಾಡಿಸಬೇಡಿ. ಆಡಿಸಲೇಬೇಕು ಅನ್ನಿಸಿದರೆ ಅಲ್ಪಪ್ರಾಣ, ಮಹಾಪ್ರಾಣವನ್ನಾದರೂ ನೋಡಿಕೊಂಡು ಬರೆಯಿರಿ.