ಗೋಡೆ ಮೀಮಾಂಸೆ, ಅರ್ಥಾತ್ ಕಂಬದ ಮನೆಗೆ ಕಂಪ್ಯೂಟರಿನಲ್ಲಿ ಅಡ್ಡಗೋಡೆ ಎಬ್ಬಿಸುವ ವಿಧಿ

ಮಂಗಳಾಚರಣೆ: ಕರೆಂಟು ಹೋಗದಿರಲಿ. ಹೋಗುವುದೇ ಆದರೆ ಸೇವ್ ಮಾಡಿದ ಮೇಲೆ ಹೋಗಲಿ.

ವಿಷಯ: ಮಲೆನಾಡಿನ ನಮ್ಮ ಹಳೆಯ ಮನೆಯ ನಡುಮನೆ ಕಂಬ-ತೊಲೆಗಳ ಕಟ್ಟು. ಕಲ್ಲಿನ ಮೇಲೆ ಕಂಬ, ಕಂಬದ ಮೇಲೆ ಬೋದಿಗೆ, ಅದರ ಮೇಲೆ ತೊಲೆ, ಆಮೇಲೆ ಪಕಾಸಿ, ರೀಪು. ಎಲ್ಲಕ್ಕೂ ಮೇಲೆ, 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಸುಡತೊಡಗಿದ ಜಾತಿಯ ಹೆಂಚು. ಹೆಂಚಿನ ಭಾರ ಇದೇ ಮೆಟ್ಟಿಲಿಳಿದು ನೆಲ ಸೇರುತ್ತದೆ. ಈ ವ್ಯವಹಾರದಲ್ಲಿ ಅಡ್ಡಗೋಡೆ ಕಕ್ಷಿಯೂ ಅಲ್ಲ, ಸಾಕ್ಷಿಯೂ ಅಲ್ಲ. ಕಂಬಗಳ ನಡುವೆ ಕೂಡಿಸಿದ ಒಂದಿಂಚಿನ ಹಲಗೆ, ಅಷ್ಟೆ. ದುರಸ್ತಿಗೆಂದು ನಕ್ಷೆ ಬರೆಯಲು ಕೂತಾಗ ಇದನ್ನು ಸಾಫ್ಟ್‌ವೇರಿಗೆ ಮನಗಾಣಿಸುವುದೇ ಸಮಸ್ಯೆಯಾಯಿತು.

ಪೂರ್ವಪಕ್ಷ: ನನ್ನ ಪಾಲಿಗೆ ಬಂದ ಸಾಫ್ಟ್‌ವೇರಿನ ದರ್ಶನದಲ್ಲಿ ಗೋಡೆಯೇ ಪರತತ್ತ್ವ. ನಾಲ್ಕು ಗೋಡೆ ಕೂಡಿದರೆ ಕೋಣೆ, ಕೋಣೆಯಾದರೆ ನೆಲ, ಆಮೇಲೆ ಮಾಡು. ಕಂಬವೆಂಬುದು ಸೋಫಾ, ಹೂಕುಂಡಗಳ ಜತೆ ಕೊನೆಗೆ ತಂದಿಡುವ ಅಲಂಕಾರ.

ಆಕ್ಷೇಪ: ನಮ್ಮೂರ ಆಚಾರ್ರು ಸ್ಕ್ರೀನಿಗೆ ಮೂಗು ತಾಗುವಷ್ಟು ಬಗ್ಗಿ ನೋಡಿ ನುಡಿದರು: "ಮೊದ್ಲು ತಲೆ ಮೇಲೆ ಮಾಡಾಗ್ಲಿ ಸ್ವಾಮಿ. ಗ್ವಾಡೆ ಇಲ್ದಿದ್ರೆ ಚಳಿ ಆಗತ್ತೆ. ಕಂಬ ಇಲ್ದಿದ್ರೆ ಮನೇನೇ ಇರಲ್ಲ." 1914ರಲ್ಲಿ ಲೆ ಕಾರ್ಬುಸಿಯೇ ಎಂಬಾತ ಚಪ್ಪಡಿ, ಕಂಬ, ಮೆಟ್ಟಿಲು ಇಷ್ಟೇ ಇರುವ ಚಿತ್ರ ಬರೆದು ಅದಕ್ಕೆ 'ಡಾಮ್-ಇನೋ' ಎಂದು ಹೆಸರಿಟ್ಟ, ಹೊರುವ ಕೆಲಸದಿಂದ ಗೋಡೆಗೆ ಬಿಡುಗಡೆ ಕೊಟ್ಟನೆಂದು ಹೆಸರೂ ಪಡೆದ. ನಮ್ಮ ಹಲಗೆಗೋಡೆ ಆ ಕೆಲಸಕ್ಕೆ ಅರ್ಜಿಯನ್ನೇ ಹಾಕಿರಲಿಲ್ಲ.

ಸೂತ್ರ 1: ಗೋಡೆ ಕಂಬವನ್ನು ನುಂಗುತ್ತದೆ.
ಭಾಷ್ಯ: ಒಂದೇ ಏಟಿಗೆ ಎಳೆದ 230 ಮಿ.ಮೀ. ಗೋಡೆಯೊಳಗೆ ಆರಿಂಚಿನ ಕಂಬಗಳೆರಡು ಮಾಯವಾದವು. ಪರಿಹಾರ: ದಪ್ಪವನ್ನು 25ಕ್ಕೆ ಇಳಿಸಿ, ಕಂಬದಿಂದ ಕಂಬಕ್ಕೆ ತುಂಡುತುಂಡಾಗಿ ಎಳೆಯತಕ್ಕದ್ದು, ಅಂಕಣಕ್ಕೊಂದು ಗೋಡೆ. ಎರಡು ಕಂಬಗಳ ನಡುವಣ ಜಾಗ ಅಂಕಣ. ಪತ್ರಿಕೆಗಳಲ್ಲೂ ಅಂಕಣವುಂಟು, ಅಲ್ಲಿಯೂ ಭಾರ ಹೊರುವವರು ಬೇರೆ, ನಡುವೆ ತುಂಬುವ ನಮ್ಮಂಥವರು ಬೇರೆ.

ಸೂತ್ರ 2: ಗೋಡೆ ಊರ್ಧ್ವಗಾಮಿ.
ಭಾಷ್ಯ: ತೊಲೆಯ ಅಡಿಯಲ್ಲಿ ನಿಲ್ಲಬೇಕಾದ್ದು ತೊಲೆಯನ್ನು ಸೀಳಿಕೊಂಡು ಹೆಂಚು ಮುಟ್ಟುತ್ತದೆ. ಎತ್ತರವನ್ನು ಕೈಯಾರೆ 7 ಅಡಿಗೆ ಇಳಿಸಬೇಕು. ಆಗ ತೊಲೆಗೂ ಮಾಡಿಗೂ ನಡುವೆ ತೆರಪು ಉಳಿಯುತ್ತದೆ. ಸಾಫ್ಟ್‌ವೇರಿಗೆ ಅದು ದೋಷ. ನಮ್ಮಲ್ಲಿ ಒಲೆಯ ಹೊಗೆ, ಬೆಕ್ಕು, ದೊಡ್ಡಪ್ಪನ ಗೊರಕೆ ಮೂರಕ್ಕೂ ಅದೇ ರಾಜಮಾರ್ಗ.

ಸೂತ್ರ 3: ಗೋಡೆ ಅಳಿದರೆ ಮಾಡೂ ಅಳಿಯುತ್ತದೆ.
ಭಾಷ್ಯ: ಒಂದು ಗೋಡೆ ಅಳಿಸಿದ್ದೇ ತಡ, ಸ್ಕ್ರೀನಿನ ಮೇಲಿನ ಮಾಡು ಮೂರು ಚೂರಾಯಿತು. ಅಜ್ಜ ಮದುವೆ ಬಂದರೆ ಹಲಗೆಗಳನ್ನು ಕಳಚಿ ಅಟ್ಟಕ್ಕೇರಿಸುತ್ತಿದ್ದ. ಆಗ ಮಾಡು ಬೀಳುತ್ತಿರಲಿಲ್ಲ. ಬೀಳುತ್ತಿದ್ದದ್ದು ಇನ್ನೆರಡು ಸಾಲು ಬಾಳೆಲೆ.

ಸಿದ್ಧಾಂತ: ಕಡೆಗೆ ಸಾಫ್ಟ್‌ವೇರೇ ದಾರಿ ತೋರಿತು: ಅದೃಶ್ಯ ಗೋಡೆ. ಕಣ್ಣಿಗೆ ಕಾಣದು, ಏನನ್ನೂ ಹೊರದು, ಆದರೆ ಒಂದು ಕೋಣೆಯನ್ನು ಎರಡು ಮಾಡುತ್ತದೆ. ಇದನ್ನು ಹೊಸ ತಂತ್ರವೆಂದು ಒಪ್ಪಲಾಗದು. ಪಾಲಾದ ಮೇಲೆ ಅದೇ ನಡುಮನೆಯಲ್ಲಿ ಅಪ್ಪನಿಗೂ ಚಿಕ್ಕಪ್ಪನಿಗೂ ನಡುವೆ ಹದಿನಾರು ವರ್ಷ ಇಂಥದೊಂದು ನಿಂತಿತ್ತು. ಅಳಿಸಲು ಗುಂಡಿಯಿರಲಿಲ್ಲ. ಅಜ್ಜಿಯ ವೈಕುಂಠ ಸಮಾರಾಧನೆಯ ದಿನ ಎಲೆ ಹಾಕಲು ಜಾಗ ಸಾಲದೆ, ಹಲಗೆಯ ಒಂದು ತುದಿ ಅಪ್ಪ, ಇನ್ನೊಂದು ತುದಿ ಚಿಕ್ಕಪ್ಪ ಹಿಡಿದು ಕಳಚಿದರು.

ಫಲಶ್ರುತಿ: ಇದನ್ನು ನಿತ್ಯ ಪಠಿಸುವವರ ಮಾಡು ಸೋರದು. ಸೋರಿದರೆ ಹೆಂಚು ಕೈಯಾಡಿಸಬೇಕು, ಗೋಡೆಯನ್ನು ಬೈಯಬಾರದು. ಪಾಪ, ಅದಕ್ಕೂ ಇದಕ್ಕೂ ಸಂಬಂಧವಿಲ್ಲ.