ವಂಶಾವಳಿ ರಾಯರು

ಅಪರಿಚಿತರಿಬ್ಬರು ಸಂಧಿಸಿದಾಗ ಊರು, ಮನೆತನ, ಮೂಲಸ್ಥಾನಗಳನ್ನು ವಿಚಾರಿಸುವುದು ನಮ್ಮ ನಾಡಿನ ಸನಾತನ ಶಿಷ್ಟಾಚಾರವೇ ಆಗಿರುವುದರಿಂದ, ಬೀದಿಯವರೆಲ್ಲರಿಂದಲೂ ವಂಶಾವಳಿ ರಾಯರೆಂಬ ಅಭಿಧಾನವನ್ನು ಪಡೆದಿರುವ ನಮ್ಮ ನಿವೃತ್ತ ಶಿರಸ್ತೇದಾರರು ಮದುವೆಯ ಪಂಕ್ತಿಯಲ್ಲಿ ಪಕ್ಕದ ಎಲೆಯವರನ್ನು ಅದನ್ನೇ ಕೇಳಿದರೆ ಯಾರೂ ಬೇಸರಿಸಬೇಕಾದ ಕಾರಣವಿಲ್ಲ. ಬೇಸರವು ಮೊದಲಾಗುವುದು ಎರಡನೆಯ ಪ್ರಶ್ನೆಯಿಂದ. “ಅದಕ್ಕೂ ಹಿಂದೆ?” ಎನ್ನುತ್ತಾರೆ ರಾಯರು. ಉತ್ತರ ದೊರೆತರೆ ಮತ್ತೆ, “ಅದಕ್ಕೂ ಹಿಂದೆ?” ಹೋಳಿಗೆ ಬರುವ ವೇಳೆಗೆ ಆ ಬಡಪಾಯಿಯು ಟಿಪ್ಪು ಸುಲ್ತಾನನ ಕಾಲದವರೆಗೆ ಹಿಮ್ಮೆಟ್ಟಿ, ತುಪ್ಪ ಬಡಿಸಿಕೊಳ್ಳುವುದನ್ನೂ ಮರೆತು ಕುಳಿತಿರುತ್ತಾನೆ.

ಈ ವ್ಯಸನದ ಮೂಲವು ಶ್ರಾದ್ಧದಲ್ಲಿದೆ. ಪುರೋಹಿತರು ಕೇಳುವುದು ವಸು, ರುದ್ರ, ಆದಿತ್ಯಸ್ವರೂಪರಾದ ಮೂರು ತಲೆಗಳ ಹೆಸರನ್ನು ಮಾತ್ರ. ನಾಲ್ಕನೆಯವನು ಧರ್ಮಶಾಸ್ತ್ರದ ಸರಹದ್ದನ್ನು ದಾಟಿದವನಾದ್ದರಿಂದ, ರಾಯರ ತರ್ಕದ ಪ್ರಕಾರ, ರೆವಿನ್ಯೂ ಇಲಾಖೆಯ ಸರಹದ್ದಿಗೆ ಸೇರತಕ್ಕವನು. ಆ ನಾಲ್ಕನೆಯವನಾದ ನರಸಪ್ಪನು ಮುಮ್ಮಡಿ ಕೃಷ್ಣರಾಜ ಒಡೆಯರ ಹಸ್ತದಿಂದ ಶಾಲುಜೋಡಿಯನ್ನೂ ಇನಾಮು ಭೂಮಿಯನ್ನೂ ಪಡೆದವನೆಂಬ ಐತಿಹ್ಯವೊಂದು ಮನೆತನದಲ್ಲಿ ಉಂಟು. (ಇಂಥದೊಂದು ಶಾಲು ದೊರೆಯದ ಮನೆತನವನ್ನು ನಮ್ಮ ಸೀಮೆಯಲ್ಲಿ ನಾನಂತೂ ಕಾಣೆ, 1831ರಲ್ಲಿ ಮಹಾರಾಜರಿಂದ ಆಡಳಿತವನ್ನು ಕಿತ್ತುಕೊಂಡ ಇಂಗ್ಲಿಷರು ದುಂದುವೆಚ್ಚವನ್ನೂ ಒಂದು ಕಾರಣವಾಗಿ ಹೇಳಿದುದು ಈ ಶಾಲುಗಳನ್ನು ನೋಡಿಯೇ ಇರಬಹುದು.)

ರೈಸ್ ಸಾಹೇಬರು 1886ರಿಂದ ಮೊದಲುಮಾಡಿ ಹೊರತಂದ ‘ಎಪಿಗ್ರಾಫಿಯಾ ಕರ್ಣಾಟಿಕ’ದ ಸಂಪುಟಗಳನ್ನು ರಾಯರು ಮೊದಲು ಜಾಲಿಸಿದರು. ಭೂದಾನವಿತ್ತ ದಂಡನಾಯಕರು ದೊರೆತರು, ತುರುಗೋಳಿನಲ್ಲಿ ಮಡಿದ ವೀರರು ದೊರೆತರು. ನರಸಪ್ಪನು ಕೊಟ್ಟವರಲ್ಲಿಯೂ ಇಲ್ಲ, ಸತ್ತವರಲ್ಲಿಯೂ ಇಲ್ಲ. ಉತ್ತರ ಸೀಮೆಯ ಗೌಡರ ಮನೆಗಳಿಗೆ ಹೆಳವರು ಎತ್ತನ್ನೇರಿ ಬಂದು, ಹತ್ತಾರು ತಲೆಮಾರುಗಳನ್ನು ಬಾಗಿಲಲ್ಲಿಯೇ ಒಪ್ಪಿಸಿ, ಧಾನ್ಯವನ್ನು ಪಡೆದು ಹೋಗುವರೆಂದು ಕೇಳಿ, ತಮ್ಮನ್ನೂ ಒಕ್ಕಲಾಗಿ ಪರಿಗ್ರಹಿಸಬೇಕೆಂದು ಹೆಳವನೊಬ್ಬನನ್ನು ಬೇಡಿಕೊಂಡರು. ಅವನು ರಾಯರನ್ನು ಆಪಾದಮಸ್ತಕವಾಗಿ ನೋಡಿ, ಹೊಲವೆಷ್ಟು ಎಂದು ಕೇಳಿ, ಉತ್ತರಕ್ಕೆ ಕಾಯದೆ ಎತ್ತನ್ನು ಮುಂದಕ್ಕೆ ಹೊಡೆದನಂತೆ.

ಉಳಿದುದು ಕಡತ. ಪರಂಪರಾಗತವಾದ ಶಾನುಭೋಗಿಕೆಯು 1963ರಲ್ಲಿ ರದ್ದಾದ ಮೇಲೆ ಎಷ್ಟೋ ಹಳ್ಳಿಗಳ ಲೆಕ್ಕಪತ್ರಗಳು ಮಾಜಿ ಶಾನುಭೋಗರ ಅಟ್ಟಗಳನ್ನೇ ಆಶ್ರಯಿಸಿದುವು. ಹುಣಿಸೆಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಬಳಿದು ಮಡಿಸಿದ ಆ ಕಪ್ಪು ಬಟ್ಟೆಗಳಿಗಾಗಿ ರಾಯರು ಏಣಿಗಳನ್ನು ಹತ್ತಿದರು. ಕೈಯೆತ್ತದೆ ಬರೆದ ಹಳೆಯ ರೆವಿನ್ಯೂ ಕಾಗದಗಳಿಗಾಗಿ ಇಳಿವಯಸ್ಸಿನಲ್ಲಿ ಮೋಡಿ ಲಿಪಿಯನ್ನು ಕಲಿತರು. ಸಿಕ್ಕಿದ ನರಸಪ್ಪಂದಿರಿಗೆ ಲೆಕ್ಕವಿಲ್ಲ. ಮೊಮ್ಮಗನಿಗೆ ತಾತನ ಹೆಸರನ್ನಿಡುವ ಪದ್ಧತಿಯಿಂದಾಗಿ ನರಸಪ್ಪನ ಮಗ ವೆಂಕಪ್ಪ, ವೆಂಕಪ್ಪನ ಮಗ ನರಸಪ್ಪ ಎಂದು ವಂಶವು ಎರಡೇ ಹೆಸರುಗಳ ನಡುವೆ ಉಯ್ಯಾಲೆಯಾಡಿಕೊಂಡಿತ್ತು. ಕಡೆಗೆ, ಸ್ವಂತ ಹೊಲದ ಚಕ್ಕುಬಂದಿಯ ಸಾಕ್ಷ್ಯದಿಂದ ನಿಸ್ಸಂಶಯವಾಗಿ ನಮ್ಮವನೇ ಎನ್ನಬಹುದಾದ ನರಸಪ್ಪನೊಬ್ಬನು ಪತ್ತೆಯಾದನು: ಕಂದಾಯದ ಬಾಕಿದಾರರ ಪಟ್ಟಿಯಲ್ಲಿ. ಬಾಕಿಗಾಗಿ ಒಂದು ತಾಮ್ರದ ಹಂಡೆ ಜಪ್ತಿಯಾಗಿತ್ತು. ಶಾಲಿನ ಪ್ರಸ್ತಾಪವಿರಲಿಲ್ಲ.

ಪಟ್ಟಿಯ ಕಾಲ ಈಶ್ವರ ಸಂವತ್ಸರ. ಮಾಸ, ತಿಥಿ, ವಾರ ಎಲ್ಲವೂ ಸ್ಪಷ್ಟ. ಶಕವರ್ಷದ ಅಂಕೆಗಳಿದ್ದ ಮೂಲೆಯನ್ನು ಮಾತ್ರ ಇಲಿಯು ಭಕ್ಷಿಸಿತ್ತು. ಸಂವತ್ಸರಗಳು ಅರವತ್ತು ವರ್ಷಕ್ಕೊಮ್ಮೆ ಮರಳತಕ್ಕವಾದ್ದರಿಂದ ಇದು 1877 ಆಗಬಹುದು, 1817 ಕೂಡ ಆಗಬಹುದು. ಮೊದಲನೆಯದಾದರೆ ಅದು ಮೈಸೂರು ಸೀಮೆಯ ಸುಮಾರು ಐದರಲ್ಲೊಂದು ಪಾಲು ಜನರನ್ನು ನುಂಗಿದ ಧಾತು-ಈಶ್ವರ ಕ್ಷಾಮದ ಕಾಲ. ಹಸಿದವರಿಗೆ ಕಣಜವನ್ನು ತೆರೆದುದರಿಂದಲೇ ನರಸಪ್ಪನು ಬಾಕಿ ಬಿದ್ದನೆಂದು ರಾಯರು ತೀರ್ಮಾನಿಸಿದರು. ಆದರೆ ಮಹಾರಾಜರ ಆಳ್ವಿಕೆಯಲ್ಲಿ ಶಾಲು ಹೊದೆಯಬೇಕಾದರೆ ಅವನು ಎರಡನೆಯದರಲ್ಲಿಯೇ ಪ್ರಾಪ್ತವಯಸ್ಕನಾಗಿರಬೇಕು. ದಾನವನ್ನು ಬಿಡಲೂ ಮನಸ್ಸಿಲ್ಲ, ಶಾಲನ್ನು ಬಿಡಲೂ ಮನಸ್ಸಿಲ್ಲ. ಆದ್ದರಿಂದ ರಾಯರ ವಂಶವೃತ್ತಾಂತದಲ್ಲಿ ನರಸಪ್ಪನು ತೊಂಬತ್ತು ವರ್ಷ ಬಾಳಿದನು.

ಗೋಡೆಗೆ ತೂಗುಹಾಕಿದ ವಂಶಪಟವನ್ನು ಅವರ ಧರ್ಮಪತ್ನಿಯವರು ಸೆರಗಿನಿಂದ ಕೈಯೊರಸಿಕೊಳ್ಳುತ್ತ ಪರೀಕ್ಷಿಸಿ, “ಇಷ್ಟು ಜನ ಗಂಡಸರು ಒಬ್ಬರಿಂದೊಬ್ಬರು ಹೇಗೆ ಹುಟ್ಟಿದರು?” ಎಂದು ಕೇಳಿದರು. ದಫ್ತರದಲ್ಲಿ ಹೆಂಗಸರ ಹೆಸರು ಸಿಕ್ಕುವುದು ದುರ್ಲಭವೆಂದು ರಾಯರು ವಿವರಿಸಿದರು. ಅದು ದಿಟವೇ. ಕಂದಾಯವನ್ನು ಹೊತ್ತಿಗೆ ಸರಿಯಾಗಿ ಕಟ್ಟಿ, ಯಾರ ಬೇಲಿಯನ್ನೂ ಮೀರದೆ, ಯಾರ ಸಾಲಕ್ಕೂ ಜಾಮೀನು ನಿಲ್ಲದೆ ಬಾಳಿದ ಗಂಡಸರ ಗತಿಯೂ ಅದಕ್ಕಿಂತ ಬಹಳ ಉತ್ತಮವಲ್ಲ. ತನಗೆ ಕೊಡಬೇಕಾದವರನ್ನೂ ತನ್ನ ಮುಂದೆ ಬಡಿದಾಡಿದವರನ್ನೂ ಸ್ಮರಿಸುವಷ್ಟು ಪ್ರೀತಿಯಿಂದ ಸರ್ಕಾರವು ಸಜ್ಜನರನ್ನು ಸ್ಮರಿಸುವುದಿಲ್ಲ.

ಈ ತತ್ತ್ವವು ರಾಯರಿಗೂ ಹೊಳೆಯಿತೆಂದು ತೋರುತ್ತದೆ. ಏಕೆಂದರೆ ಮನೆಗಂದಾಯವನ್ನು ಎಂದೂ ಒಂದು ದಿನ ತಡಮಾಡದಿದ್ದ ಆ ಮಹಾನುಭಾವರು ಈ ಸಲ ಬುದ್ಧಿಪೂರ್ವಕವಾಗಿ ಬಾಕಿ ಉಳಿಸಿಕೊಂಡಿದ್ದಾರೆ. ಪುರಸಭೆಯ ಬಿಲ್ ಕಲೆಕ್ಟರನು ತಗಾದೆಗೆ ಬಂದಾಗ ಅವನಿಗೆ ಕಾಫಿಯನ್ನಿತ್ತು ಉಪಚರಿಸಿ, ಬಾಕಿದಾರರ ಪಟ್ಟಿಯಲ್ಲಿ ತಮ್ಮ ಹೆಸರಿನೊಡನೆ ತಂದೆ, ತಾತ, ಮುತ್ತಾತಂದಿರ ಹೆಸರುಗಳನ್ನೂ, ಇಸವಿಯನ್ನು ಇಲಿ ಮುಟ್ಟದಂತೆ ಹಾಳೆಯ ನಟ್ಟನಡುವೆಯೂ, ದಪ್ಪಕ್ಷರದಲ್ಲಿ ಬರೆದುಕೊಳ್ಳಬೇಕೆಂದು ಕೈಮುಗಿದು ಕೇಳಿದರು.

“ಅದಕ್ಕೆಲ್ಲ ಕಾಲಮ್ಮಿಲ್ಲ ಸ್ವಾಮಿ,” ಎಂದು ಅವನು ಕಾಫಿಯನ್ನು ಮುಗಿಸಿದನು.